ಎಂಟರ್‌ಪ್ರೈಸ್ ನೌಕೆಯ ಹೆಣ್ಣುಮಕ್ಕಳು

1 ಆಗಸ್ಟ್ 2022, ಸೋಮವಾರ

ನಿಶೆಲ್ ನಿಕೋಲ್ಸ್ ತೀರಿಕೊಂಡರು. ಶನಿವಾರವೇ ಹೋದರಂತೆ, ನ್ಯೂ ಮೆಕ್ಸಿಕೋದಲ್ಲಿ, ಎಂಬತ್ತೊಂಬತ್ತನೇ ವಯಸ್ಸಿನಲ್ಲಿ. ಎರಡನೇ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದಾಗ ಫೋನಿನಲ್ಲಿ ಮಗಳ ಮೆಸೇಜು ಕಾದಿತ್ತು: ‘ಅಮ್ಮಾ, ನಿನ್ನ ಉಹೂರಾ ಹೋಗ್ಬಿಟ್ರು.’

ನಿನ್ನ ಉಹೂರಾ ಅಂದದ್ದು ಸರಿ, ನಿಕೋಲ್ಸ್ ಮಾಡಿದ ಪಾತ್ರ ಅದು. ಎಂಬತ್ತರ ದಶಕದಲ್ಲಿ ದೂರದರ್ಶನ ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ನೌಕೆಯ ಕಥೆಯಾದ ‘ಸ್ಟಾರ್ ಟ್ರೆಕ್’ ತೋರಿಸುತ್ತಿದ್ದಾಗ ನಮ್ಮ ಬೀದಿಯ ಮಕ್ಕಳೆಲ್ಲ ಎದುರುಮನೆಯ ಕಪ್ಪು-ಬಿಳುಪು ಟಿವಿ ಮುಂದೆ ಸೇರುತ್ತಿದ್ದೆವು. ಆ ಇಂಗ್ಲಿಷು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಹುಡುಗರಿಗೆ ಕ್ಯಾಪ್ಟನ್ ಕಿರ್ಕ್, ಅವನ ಅಧಿಕಾರಿ ಸ್ಪಾಕ್. ನನ್ನ ಕಣ್ಣೆಲ್ಲ ಅವರ ಬೆನ್ನ ಹಿಂದೆ, ಕಿವಿಗೆ ಲೋಹದ ಸಾಧನ ಸಿಕ್ಕಿಸಿಕೊಂಡು ಕೂತವಳ ಮೇಲೆ. ಆಕೆ ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಕೆಲಸಕ್ಕೆ ಬಂದವಳು, ಯಂತ್ರದ ಮುಂದೆ ಕೂತವಳು. ನಾನು ಅದುವರೆಗೆ ಟಿವಿಯಲ್ಲಿ ಹಾಗೆ ಕೂತ ಹೆಂಗಸನ್ನು ಕಂಡಿರಲಿಲ್ಲ. ಆಕೆ ತೊಟ್ಟದ್ದು ಕೆಂಪು ಬಟ್ಟೆ ಎಂದು ಗೊತ್ತಾದದ್ದೇ ಎಷ್ಟೋ ವರ್ಷಗಳ ಮೇಲೆ.

ಸಂಜೆ ಆಕೆಯ ಆತ್ಮಕಥೆ ತೆಗೆದು ಕೂತೆ. 1994ರದ್ದು, ಅಕ್ಕ ಸ್ಯಾನ್ ಹೋಸೆಯಿಂದ ತಂದುಕೊಟ್ಟದ್ದು. ಮಾರ್ಟಿನ್ ಲೂಥರ್ ಕಿಂಗ್ ಅವರ ಭೇಟಿಯ ಪ್ರಸಂಗವನ್ನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಮೊದಲ ವರ್ಷದ ಕಂತುಗಳು ಮುಗಿದಾಗ ಆಕೆಗೆ ಸಾಕಾಗಿತ್ತು. ಹಾಡು, ನೃತ್ಯ ಬಲ್ಲ ಕಲಾವಿದೆ. ಬ್ರಾಡ್‌ವೇ ರಂಗಭೂಮಿ ಕರೆಯುತ್ತಿತ್ತು. ಬಿಡುತ್ತೇನೆ ಎಂದು ನಿರ್ಮಾಪಕ ಜೀನ್ ರಾಡನ್‌ಬೆರಿಗೆ ಹೇಳಿಯೂ ಆಗಿತ್ತು. ಆ ವಾರದ ಕೊನೆಗೆ ಒಂದು ಸಮಾರಂಭದಲ್ಲಿ, ನಿಮ್ಮ ಅಭಿಮಾನಿಯೊಬ್ಬರು ಮಾತಾಡಬೇಕಂತೆ ಎಂದು ಯಾರೋ ಕರೆದರು. ತಿರುಗಿ ನೋಡಿದರೆ ಕಿಂಗ್. ಮಕ್ಕಳು ರಾತ್ರಿ ಎಚ್ಚರವಿದ್ದು ನೋಡಲು ನಮ್ಮ ಮನೆಯಲ್ಲಿ ಒಪ್ಪುವುದು ಇದೊಂದೇ ಕಾರ್ಯಕ್ರಮ, ನೀವು ಬಿಡಕೂಡದು ಎಂದರಂತೆ ಅವರು. ಸೋಮವಾರ ಆಕೆ ಕೆಲಸಕ್ಕೆ ಮರಳಿದರು.

ಆದರೆ ಪುಸ್ತಕದಲ್ಲಿ ಈ ಕಥೆಯ ಹಿಂದುಮುಂದೆ ಇರುವುದನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಆಕೆಗೆ ಉಳಿದ ಮುಖ್ಯ ನಟರ ಹಾಗೆ ಕರಾರು ಇರಲಿಲ್ಲ, ದಿನಗೂಲಿಯ ಲೆಕ್ಕ. ಬರೆದ ಸಂಭಾಷಣೆ ಚಿತ್ರೀಕರಣದ ಹೊತ್ತಿಗೆ ಕತ್ತರಿಗೆ ಸಿಕ್ಕು ಕೊನೆಗೆ ಒಂದೆರಡು ಸಾಲು ಉಳಿಯುತ್ತಿತ್ತು. ತನ್ನ ಹೆಸರಿಗೆ ಬಂದ ಅಭಿಮಾನಿಗಳ ಪತ್ರಗಳನ್ನು ಸ್ಟುಡಿಯೋದಲ್ಲಿ ತಡೆಹಿಡಿದಿದ್ದರು ಎಂದೂ ಬರೆದಿದ್ದಾರೆ. ಇಡೀ ದೇಶದ ಕಪ್ಪು ಮಕ್ಕಳು ಯಾರನ್ನು ನೋಡಲು ಕಣ್ಣರಳಿಸಿ ಕೂರುತ್ತಿದ್ದರೋ ಆಕೆಗೆ ಆ ವಿಷಯವೇ ತಲುಪದ ಹಾಗೆ. ಇದನ್ನು ಓದಿ ಈ ಹೊತ್ತಿಗೂ ಸಿಟ್ಟು ಬರುತ್ತದೆ.

ಕಿಂಗ್ ಹೇಳಿದ್ದರಲ್ಲಿ ತಪ್ಪಿಲ್ಲ. ಆಕೆ ಅಲ್ಲಿ ಕೂತದ್ದೇ ದೊಡ್ಡದು. ನಟಿ ವೂಪಿ ಗೋಲ್ಡ್‌ಬರ್ಗ್ ಹುಡುಗಿಯಾಗಿದ್ದಾಗ ಆಕೆಯನ್ನು ಕಂಡು, ಟಿವಿಯಲ್ಲಿ ಮನೆಗೆಲಸದವಳಲ್ಲದ ಕಪ್ಪು ಹೆಂಗಸು ಎಂದು ಮನೆಯವರನ್ನೆಲ್ಲ ಕೂಗಿ ಕರೆದಿದ್ದಳು. ಮುಂದೆ ತಾನೇ ಕೇಳಿಕೊಂಡು ‘ನೆಕ್ಸ್ಟ್ ಜನರೇಷನ್’ ಸರಣಿಗೆ ಬಂದಳು. ಆದರೂ ನನ್ನೊಳಗಿನ ಪ್ರಶ್ನೆ ಬೇರೆ. ಕುರ್ಚಿ ಕೊಟ್ಟವರು ಕೆಲಸ ಏಕೆ ಕೊಡಲಿಲ್ಲ? ನೌಕೆಯ ನಾಲ್ಕನೆಯ ಸ್ಥಾನದ ಅಧಿಕಾರಿ ಎನ್ನುತ್ತಾರೆ, ಆಜ್ಞೆ ಕೊಡುವ ಸರದಿ ಮಾತ್ರ ಮೂರು ವರ್ಷದಲ್ಲೂ ಬರಲಿಲ್ಲ.


7 ಆಗಸ್ಟ್, ಭಾನುವಾರ

ಮಗಳು ಬೆಂಗಳೂರಿನಿಂದ ಬಂದಿದ್ದಾಳೆ. ಮೊದಲಿಂದ ನೋಡೋಣ ಅಂದಳು. ಮೊದಲು ಎಂದರೆ ನಿಜವಾಗಿ ಮೊದಲು, 1964ರ ಕೊನೆಗೆ ಚಿತ್ರೀಕರಣವಾಗಿ ಎನ್‌ಬಿಸಿ ವಾಹಿನಿ ತಿರಸ್ಕರಿಸಿದ ಪ್ರಯೋಗದ ಕಂತು, ‘ದ ಕೇಜ್’.

ಅದರಲ್ಲಿ ಕಿರ್ಕ್ ಇಲ್ಲ. ಕ್ಯಾಪ್ಟನ್ ಹೆಸರು ಪೈಕ್. ಅವನ ನಂತರದ ಅಧಿಕಾರಿ ಹೆಂಗಸು, ಮೇಜಲ್ ಬ್ಯಾರೆಟ್. ಕಪ್ಪು ಕೂದಲು, ಗಂಡಸರು ತೊಟ್ಟಂಥದೇ ಷರಟು ಪ್ಯಾಂಟು, ತಣ್ಣನೆಯ ಮುಖ. ಕ್ಯಾಪ್ಟನ್ ಅಪಹರಣವಾದಾಗ ನೌಕೆ ಆಕೆಯ ಕೈಗೆ ಬರುತ್ತದೆ. ಯಾರೂ ಅದರ ಬಗ್ಗೆ ತಕರಾರು ಎತ್ತುವುದಿಲ್ಲ. ಮಗಳು ಎದ್ದು ಕೂತು, ‘ಇದು ಅರವತ್ತನಾಲ್ಕರದ್ದಾ?’ ಎಂದು ಕೇಳಿದಳು. ಆ ಪಾತ್ರಕ್ಕೆ ಹೆಸರಿಲ್ಲ. ‘ನಂಬರ್ ಒನ್’ ಅಷ್ಟೆ.

ಎರಡನೆಯ ಪ್ರಯೋಗದ ಹೊತ್ತಿಗೆ ಆಕೆ ಮಾಯ. ಹೆಣ್ಣು ಅಧಿಕಾರಿಯನ್ನು ವಾಹಿನಿಯವರು ಸಹಿಸಲಿಲ್ಲ ಎಂದು ರಾಡನ್‌ಬೆರಿ ಕೊನೆಯವರೆಗೂ ಹೇಳುತ್ತಿದ್ದರು. ಜೊತೆಯಲ್ಲೇ ದುಡಿದ ಹರ್ಬ್ ಸೋಲೋ ಮತ್ತು ಬಾಬ್ ಜಸ್ಟ್‌ಮನ್ 1996ರ ಪುಸ್ತಕದಲ್ಲಿ ಅದನ್ನು ಒಪ್ಪುವುದಿಲ್ಲ: ವಾಹಿನಿಯ ಆಕ್ಷೇಪ ಹೆಣ್ಣಿನ ಮೇಲಲ್ಲ, ನಿರ್ಮಾಪಕ ತನ್ನ ಗೆಳತಿಗೇ ಆ ಪಾತ್ರ ಕೊಟ್ಟದ್ದರ ಮೇಲೆ ಎನ್ನುತ್ತಾರೆ. ಎರಡರಲ್ಲಿ ಯಾವುದನ್ನು ನಂಬಿದರೂ ಒಂದು ಮಾತು ಉಳಿದೇ ಉಳಿಯುತ್ತದೆ. ನಟಿ ಬೇಡವಾಗಿದ್ದರೆ ಬೇರೆ ನಟಿಯನ್ನು ತರಬಹುದಿತ್ತು. ತರಲಿಲ್ಲ. ಆಕೆಯ ಭಾವನೆ ತೋರಗೊಡದ ಸ್ವಭಾವವನ್ನು ತೆಗೆದು ಸ್ಪಾಕ್‌ಗೆ ಕೊಟ್ಟರು, ಆಕೆಯ ಸ್ಥಾನವನ್ನೂ ಅವನಿಗೇ ಕೊಟ್ಟರು. ಇಡೀ ಸರಣಿಯಲ್ಲಿ ಜನ ಅತಿಯಾಗಿ ಪ್ರೀತಿಸಿದ ಪಾತ್ರದ ಒಳಗೆ ಒಬ್ಬ ಹೆಂಗಸು ಕೂತಿದ್ದಾಳೆ.

ಮೇಜಲ್ ಬ್ಯಾರೆಟ್ ಹೊಂಬಣ್ಣದ ಕೂದಲಿನಲ್ಲಿ ನರ್ಸ್ ಚಾಪೆಲ್ ಆಗಿ ಮರಳಿದರು, ಸ್ಪಾಕ್‌ಗಾಗಿ ಹಂಬಲಿಸುವ ನರ್ಸ್. ನೌಕೆಯ ಕಂಪ್ಯೂಟರಿನ ಧ್ವನಿಯೂ ಅವರದೇ. 2008ರಲ್ಲಿ ತೀರಿಕೊಳ್ಳುವವರೆಗೆ ಒಂದಾದ ಮೇಲೊಂದು ಸರಣಿಯಲ್ಲಿ ಅದೇ ಧ್ವನಿ. ಆಜ್ಞೆ ಕೊಡುತ್ತಿದ್ದವಳು ಆಜ್ಞೆಗೆ ಉತ್ತರಿಸುವ ಯಂತ್ರವಾದಳು ಎಂದು ಮಗಳು ಹೇಳಿದಾಗ ನನಗೆ ಏನೂ ಮಾತು ಹೊಳೆಯಲಿಲ್ಲ.

ಪರದೆಯ ಈಚೆ ಮಾತ್ರ ಕಥೆ ಬೇರೆ. ಈ ಧಾರಾವಾಹಿಗೆ ದುಡ್ಡು ಹಾಕಿದ ದೆಸಿಲು ಸ್ಟುಡಿಯೋದ ಒಡತಿ ಲೂಸಿಲ್ ಬಾಲ್. ಹಾಸ್ಯನಟಿ ಎಂದು ಎಲ್ಲರಿಗೂ ಗೊತ್ತು; 1962ರಲ್ಲಿ ಮಾಜಿ ಗಂಡನ ಪಾಲನ್ನು ಕೊಂಡು ತಾನೇ ಅಧ್ಯಕ್ಷೆಯಾದದ್ದು ಅಷ್ಟಾಗಿ ಗೊತ್ತಿಲ್ಲ. ಖರ್ಚು ಜಾಸ್ತಿ, ಬೇಡ ಎಂದು ಮಂಡಳಿಯವರು ಹೇಳಿದರೂ ಕೇಳದೆ ಮುಂದುವರಿಸಿದ್ದು ಆಕೆ. ಇನ್ನೊಬ್ಬರು ಡೊರೊಥಿ ಫಾಂಟಾನಾ. ರಾಡನ್‌ಬೆರಿಯ ಸೆಕ್ರೆಟರಿಯಾಗಿ ಬಂದವರು, ಇಪ್ಪತ್ತೇಳರ ಪ್ರಾಯಕ್ಕೆಲ್ಲ ಸರಣಿಯ ಕಥಾ ಸಂಪಾದಕಿ. ಹೆಣ್ಣು ಹೆಸರು ಕಂಡರೆ ಚಿತ್ರಕಥೆಯನ್ನು ಪಕ್ಕಕ್ಕಿಡುತ್ತಾರೆ ಎಂದು ಡಿ.ಸಿ. ಫಾಂಟಾನಾ ಎಂದು ಸಹಿ ಹಾಕಿದರು. ಸ್ಪಾಕ್‌ನ ತಂದೆ ತಾಯಿಯನ್ನು ತೆರೆಗೆ ತಂದ ‘ಜರ್ನಿ ಟು ಬೇಬೆಲ್’ ಅವರದು. ಸ್ಪಾಕ್‌ನ ವಲ್ಕನ್ ಜನರ ನಡೆನುಡಿ, ಸಂಸಾರ, ಆ ಅಪ್ಪ-ಮಗನ ಹದಿನೆಂಟು ವರ್ಷದ ಮೌನ, ಇವುಗಳಿಗೆ ಜೀವ ಕೊಟ್ಟ ಕೈ ಅದು. ಯುಸಿಎಲ್‌ಎ ವಿಶ್ವವಿದ್ಯಾಲಯದ ಲೈಬ್ರರಿಯನ್ ಜೀನ್ ಲಿಸೆಟ್ ಅರೋಸ್ಟ್ ಯಾರೂ ಕೇಳದೆಯೇ ಬರೆದು ಕಳಿಸಿದ ಕಥೆ ಕಂತಾಯಿತು, ಆಮೇಲೆ ಇನ್ನೊಂದೂ ಆಯಿತು. ಜಾಯ್ಸ್ ಮಸ್ಕಟ್ ಹಾಗೆಯೇ ಕಳಿಸಿದ್ದು ‘ದ ಎಂಪತ್’. ಬರೆಯಲು ಹೆಂಗಸರು ಇದ್ದರು. ನಿರ್ದೇಶಿಸಲು ಮೂರು ವರ್ಷದ 79 ಕಂತುಗಳಲ್ಲಿ ಒಬ್ಬರೂ ಇರಲಿಲ್ಲ.


14 ಆಗಸ್ಟ್, ಭಾನುವಾರ

ಮಗಳು ವಾಪಸು ಹೋಗಿದ್ದಾಳೆ, ಫೋನಿನಲ್ಲಿ ವಾದ ಮುಂದುವರಿದಿದೆ. ಇವತ್ತು ಮಿನಿಸ್ಕರ್ಟಿನದು.

ಎರಡೂ ಪ್ರಯೋಗದ ಕಂತುಗಳಲ್ಲಿ ಹೆಂಗಸರಿಗೆ ಪ್ಯಾಂಟಿತ್ತು. ಸರಣಿ 1966ರಲ್ಲಿ ಪ್ರಸಾರಕ್ಕೆ ಬರುವಾಗ ತೊಡೆಯವರೆಗಿನ ಲಂಗವಾಯಿತು. ಮಗಳಿಗೆ ಅದು ನೋಡಲಾಗದು. ಆದರೆ ನಿಕೋಲ್ಸ್ ಆ ಬಟ್ಟೆಯನ್ನು ಯಾವತ್ತೂ ದೂರಲಿಲ್ಲ. ಆ ಕಾಲದ ಹುಡುಗಿಯರಿಗೆ ಮಿನಿಸ್ಕರ್ಟು ಅಂದರೆ ಅಮ್ಮಂದಿರ ಕಟ್ಟುಪಾಡಿನಿಂದ ಹೊರಬಂದ ಗುರುತು. ನಿಕೋಲ್ಸ್ ನಿಲುವನ್ನು ನಾನು ಗೌರವಿಸುತ್ತೇನೆ. ತಾನೇ ಆರಿಸಿ ತೊಟ್ಟ ಬಟ್ಟೆಗೂ ಸಮವಸ್ತ್ರಕ್ಕೂ ವ್ಯತ್ಯಾಸ ಇದೆ ಎಂಬ ಮಗಳ ಮಾತನ್ನೂ ತಳ್ಳಿಹಾಕಲಾರೆ. ಇಪ್ಪತ್ತು ವರ್ಷದ ಮೇಲೆ ಬಂದ ‘ನೆಕ್ಸ್ಟ್ ಜನರೇಷನ್’ನ ಡಿಯಾನಾ ಟ್ರಾಯ್ ಪಾತ್ರವನ್ನೇ ನೋಡಿ. ಮರೀನಾ ಸಿರ್ಟಿಸ್‌ಗೆ ಎಲ್ಲರಂಥ ಸಮವಸ್ತ್ರ ಸಿಕ್ಕಿದ್ದು ಆರನೇ ವರ್ಷ, 1992ರಲ್ಲಿ. ಬಟ್ಟೆ ಬದಲಾದ ಮೇಲೆ ಬರೆಯುವವರಿಗೆ ಆ ಪಾತ್ರಕ್ಕೆ ಬುದ್ಧಿಯೂ ಇದೆ ಎಂದು ನೆನಪಾಯಿತು ಎಂಬರ್ಥದ ಮಾತನ್ನು ಅವರೇ ಹಲವೆಡೆ ಆಡಿದ್ದಾರೆ.

ಬಟ್ಟೆಗಿಂತ ನನ್ನನ್ನು ಕಾಡುವುದು ಮೂಲ ಸರಣಿಯ ಕಟ್ಟಕಡೆಯ ಕಂತು, ‘ಟರ್ನ್‌ಅಬೌಟ್ ಇನ್‌ಟ್ರೂಡರ್’. ಪ್ರಸಾರವಾದದ್ದು 3 ಜೂನ್ 1969. ಜಾನಿಸ್ ಲೆಸ್ಟರ್ ಎಂಬ ವಿಜ್ಞಾನಿ, ಕಿರ್ಕ್‌ನ ಹಳೆಯ ಗೆಳತಿ. ಹೆಣ್ಣಾದ್ದರಿಂದ ತನಗೆ ನೌಕೆಯ ಕ್ಯಾಪ್ಟನ್ ಆಗಲು ಬಿಡಲಿಲ್ಲ ಎಂಬ ಕುದಿ ಅವಳಿಗೆ. ಯಂತ್ರವೊಂದರ ಸಹಾಯದಿಂದ ಕಿರ್ಕ್‌ನ ದೇಹ ಸೇರಿ ನೌಕೆಯನ್ನು ವಶಮಾಡಿಕೊಳ್ಳುತ್ತಾಳೆ, ಸಿಟ್ಟು ತಡೆಯಲಾರದೆ ಚೀರುತ್ತಾಳೆ, ಕೊನೆಗೆ ಕುಸಿದು ಅಳುತ್ತಾಳೆ. ಕಥೆ ಅವಳನ್ನು ಹುಚ್ಚಿ ಎನ್ನುತ್ತದೆ. ಅವಳ ದೂರು ಸುಳ್ಳೆಂದು ಮಾತ್ರ ಯಾರೂ ಹೇಳುವುದಿಲ್ಲ.

ಹೊರಗಿನ ಲೋಕದಲ್ಲಿ ಸೋವಿಯತ್ ಗಗನಯಾತ್ರಿ ವಲೆಂಟಿನಾ ತೆರೆಷ್ಕೋವಾ ಬಾಹ್ಯಾಕಾಶಕ್ಕೆ ಹೋಗಿಬಂದದ್ದು 1963ರ ಜೂನ್‌ನಲ್ಲಿ. ಅದಕ್ಕೂ ಒಂದು ವರ್ಷ ಮೊದಲು ಜೆರಿ ಕಾಬ್ ಎಂಬ ಅಮೆರಿಕದ ಪೈಲಟ್ ಅಲ್ಲಿನ ಸಂಸತ್ತಿನ ಉಪಸಮಿತಿಯ ಎದುರು ಕೂತು, ಹೆಂಗಸರಿಗೂ ಅವಕಾಶ ಕೊಡಿ ಎಂದು ವಾದಿಸಿದ್ದರು. ಗಗನಯಾತ್ರಿಗಳಿಗೆ ಮಾಡುವ ವೈದ್ಯಕೀಯ ಪರೀಕ್ಷೆಗಳಲ್ಲಿ ಆಕೆ ಪಾಸಾಗಿದ್ದವರು. ಅವಕಾಶ ಸಿಗಲಿಲ್ಲ. ಅಂದರೆ ಜಾನಿಸ್ ಲೆಸ್ಟರ್‌ಳ ಸಿಟ್ಟು ಯಾರೋ ಕಲ್ಪಿಸಿದ್ದಲ್ಲ, ಅದೇ ದೇಶದ ಹೆಂಗಸರ ಎದೆಯಲ್ಲಿ ಇದ್ದದ್ದೇ. ಇನ್ನು ಮುನ್ನೂರು ವರ್ಷದ ಮುಂದಿನ ಲೋಕವನ್ನು ಬರೆಯಲು ಕೂತವರು ಅನ್ಯಗ್ರಹದವರನ್ನೂ ರಷ್ಯನ್ ಸಹೋದ್ಯೋಗಿಯನ್ನೂ ನೌಕೆಗೆ ಹತ್ತಿಸಿಕೊಂಡರು, ಆ ಸಿಟ್ಟಿಗೆ ಮಾತ್ರ ಹುಚ್ಚು ಎಂದು ಹೆಸರಿಟ್ಟರು. ತೆರೆಯ ಮೇಲೆ ಈ ನೌಕೆಗಳ ಪಡೆಯಾದ ಸ್ಟಾರ್‌ಫ್ಲೀಟ್‌ನ ಮೊದಲ ಹೆಣ್ಣು ಕ್ಯಾಪ್ಟನ್ ಬರಲು 1986 ಆಗಬೇಕಾಯಿತು; ನಾಲ್ಕನೆಯ ಸಿನಿಮಾದಲ್ಲಿ ಮ್ಯಾಜ್ ಸಿಂಕ್ಲೇರ್, ಒಂದೆರಡು ನಿಮಿಷ.

ಮೂಲ ಸರಣಿಯಲ್ಲಿ ನೌಕೆ ನಡೆಸುವ ಹೆಂಗಸು ಇದ್ದಾಳೆ, ಆದರೆ ಶತ್ರುಪಾಳಯದಲ್ಲಿ. ‘ದ ಎಂಟರ್‌ಪ್ರೈಸ್ ಇನ್ಸಿಡೆಂಟ್’ ಕಂತಿನ ರೊಮ್ಯುಲನ್ ಕಮಾಂಡರ್. ಬರೆದವರು ಫಾಂಟಾನಾ, ನಟಿಸಿದವರು ಜೋಆನ್ ಲಿನ್‌ವಿಲ್. ಎಂಥ ಠೀವಿ! ಅವಳ ಗಂಡು ಸೈನಿಕರು ಅವಳ ಮಾತಿಗೆ ತಲೆ ಬಾಗಿಸುತ್ತಾರೆ. ತನ್ನ ಹೆಸರನ್ನು ಅವಳು ಸ್ಪಾಕ್‌ನ ಕಿವಿಯಲ್ಲಿ ಮಾತ್ರ ಉಸುರುತ್ತಾಳೆ, ನಮಗೆ ಕೇಳಿಸುವುದಿಲ್ಲ.


18 ಆಗಸ್ಟ್, ಗುರುವಾರ

ಇವತ್ತು ಪರ್ಸಿಸ್ ಖಂಬಾಟಾ ತೀರಿಕೊಂಡ ದಿನ. 1998ರಲ್ಲಿ, ಮುಂಬೈಯಲ್ಲಿ, ಐವತ್ತು ತುಂಬುವ ಮೊದಲೇ.

ಬೊಂಬಾಯಿಯ ಪಾರ್ಸಿ ಹುಡುಗಿ, 1965ರ ಫೆಮಿನಾ ಮಿಸ್ ಇಂಡಿಯಾ. 1979ರಲ್ಲಿ ಬಂದ ಮೊದಲ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಇಲಿಯಾ ಎಂಬ ನೌಕಾ ಚಾಲಕಿಯ ಪಾತ್ರಕ್ಕೆ ತಲೆ ಬೋಳಿಸಿಕೊಂಡರು. ಆಗ ಆ ಬೋಳುತಲೆಯ ಫೋಟೋ ಇಲ್ಲಿನ ಪತ್ರಿಕೆಗಳಲ್ಲೂ ಬಂದಿತ್ತು, ಅಮ್ಮ ಹೇಳುತ್ತಿದ್ದರು. ಹೆಂಗಸಿನ ಬೋಳುತಲೆಗೆ ನಮ್ಮ ಕಡೆ ಏನು ಅರ್ಥವಿತ್ತೋ ಅದನ್ನು ಬಲ್ಲವರಿಗೆ ಆ ಫೋಟೋ ನುಂಗಲಾಗದ ತುತ್ತು. ನನ್ನ ಅಜ್ಜಿ ಮಡಿ ಹೆಂಗಸು. ಇಪ್ಪತ್ತೆರಡಕ್ಕೆ ಕೂದಲು ತೆಗೆಸಿದ್ದರು, ಸಾಯುವವರೆಗೂ ಕೆಂಪು ಸೀರೆಯ ಸೆರಗು ತಲೆಯಿಂದ ಜಾರಲು ಬಿಟ್ಟವರಲ್ಲ. ಪರ್ಸಿಸ್ ತಲೆ ಎತ್ತಿ ಕ್ಯಾಮೆರಾ ನೋಡುತ್ತಿದ್ದಾರೆ.

ಸಿನಿಮಾ ಆ ಧೈರ್ಯಕ್ಕೆ ತಕ್ಕ ಬೆಲೆ ಕೊಟ್ಟಿತೇ? ಇಲಿಯಾ ನೌಕೆಗೆ ಬಂದೊಡನೆ ಬ್ರಹ್ಮಚರ್ಯದ ಪ್ರತಿಜ್ಞೆಯ ಬಗ್ಗೆ ಹೇಳಿಸುತ್ತಾರೆ, ಅರ್ಧ ಕಥೆಯಲ್ಲಿ ಅನ್ಯಶಕ್ತಿ ಅವಳನ್ನು ಕೊಂದು ಅವಳ ರೂಪದ ಯಂತ್ರವೊಂದನ್ನು ಕಳಿಸುತ್ತದೆ, ಯಂತ್ರಕ್ಕೆ ತುಂಡು ಬಿಳಿಯ ಉಡುಪು. ಸಿಕ್ಕಷ್ಟರಲ್ಲೇ ಆಕೆ ಆ ಯಂತ್ರದ ಕಣ್ಣಲ್ಲಿ ಸತ್ತ ಹುಡುಗಿಯ ನೆನಪು ಮಿನುಗುವಂತೆ ನಟಿಸಿದ್ದಾರೆ. ಆ ಸಿನಿಮಾದಲ್ಲಿ ನನಗೆ ಬೇಕಾದದ್ದು ಅದೊಂದೇ.


28 ಆಗಸ್ಟ್, ಭಾನುವಾರ

ಗೌರಿ ಹಬ್ಬದ ಸಾಮಾನಿಗೆ ಹೋಗಿ ಬಂದದ್ದೇ ಅಕ್ಕನ ಫೋನು. ಅಲ್ಲಿ ರಾತ್ರಿ ಹನ್ನೊಂದಾಗಿದ್ದರೂ ಮಾತು ನಿಲ್ಲಿಸಲಿಲ್ಲ. ನಿಕೋಲ್ಸ್ ಅವರ ಚಿತಾಭಸ್ಮದ ಒಂದು ಪಾಲನ್ನು ವಲ್ಕನ್ ಎಂಬ ಹೆಸರಿನ ರಾಕೆಟ್ಟಿನಲ್ಲಿ ದೂರದ ಅಂತರಿಕ್ಷಕ್ಕೆ ಕಳಿಸುತ್ತಾರಂತೆ, ಈ ವಾರ ಪ್ರಕಟಣೆ ಬಂದಿದೆ.

ಅಕ್ಕ ಸ್ಯಾನ್ ಹೋಸೆಗೆ ಹೋದ ಹೊಸತರಲ್ಲಿ ಆಫೀಸಿನಲ್ಲಿ ಒಬ್ಬ ಹಿರಿಯ ಹೆಂಗಸು ಸಿಕ್ಕಿದ್ದರು. ಎಪ್ಪತ್ತರ ದಶಕದಲ್ಲಿ ಸ್ಟಾರ್ ಟ್ರೆಕ್ ಕಥೆಗಳನ್ನು ಬರೆದು, ಆಫೀಸು ಮುಗಿದ ಮೇಲೆ ಸ್ಟೆನ್ಸಿಲ್ ಕೊರೆದು, ಪ್ರತಿ ತೆಗೆದು, ಅಂಚೆಯಲ್ಲಿ ದೇಶದ ತುಂಬ ಕಳಿಸುತ್ತಿದ್ದವರು. ‘ಅವರ ಮನೆ ಗ್ಯಾರೇಜಿನಲ್ಲಿ ಪೆಟ್ಟಿಗೆ ಪೆಟ್ಟಿಗೆ ಇತ್ತು ಕಣೇ, ಒಂದರಲ್ಲೂ ಗಂಡಸರ ಹೆಸರು ಕಾಣಲಿಲ್ಲ ನಂಗೆ’ ಅಂದಳು ಅಕ್ಕ. ನಮ್ಮ ಕಾಲೇಜಿನ ಪ್ರಶ್ನೆಪತ್ರಿಕೆಗಳೂ ಒಂದು ಕಾಲಕ್ಕೆ ಸೈಕ್ಲೋಸ್ಟೈಲ್ ಆಗಿಯೇ ಬರುತ್ತಿದ್ದವು. ಆ ಶಾಯಿಯ ವಾಸನೆ, ಬೆರಳ ತುದಿಯ ನೀಲಿ, ಒಂದು ಅಕ್ಷರ ತಪ್ಪಿದರೆ ಮತ್ತೆ ಹಾಳೆಯೇ ಬದಲಿಸಬೇಕಾದ ಪಾಡು ನನಗೆ ಗೊತ್ತು. ಪ್ರೀತಿ ಇಲ್ಲದೆ ಆಗುವ ಕೆಲಸ ಅಲ್ಲ.

ಸ್ಟಾರ್ ಟ್ರೆಕ್ ಇವತ್ತಿಗೂ ಬದುಕಿರುವುದು ಇಂಥ ಹೆಂಗಸರಿಂದ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಎರಡನೇ ವರ್ಷ ಮುಗಿಯುವ ಮೊದಲೇ ಧಾರಾವಾಹಿ ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿದಾಗ ಬಿಜೊ ಟ್ರಿಂಬಲ್, ಗಂಡ ಜಾನ್‌ನ ಜೊತೆ ಸೇರಿ ಪತ್ರ ಚಳವಳಿ ಕಟ್ಟಿದರು. ಹೇಗೆ ಬರೆಯಬೇಕು, ಯಾರಿಗೆ ಕಳಿಸಬೇಕು, ಒಬ್ಬೊಬ್ಬರೂ ಹತ್ತು ಜನಕ್ಕೆ ಹೇಳಬೇಕು ಎಂಬ ಸೂಚನೆಯ ಹಾಳೆಗಳು ಊರೂರಿಗೆ ಹೋದವು. ವಾಹಿನಿಗೆ ಮೂಟೆಗಟ್ಟಲೆ ಪತ್ರ. 1968ರ ಮಾರ್ಚಿ‌ನಲ್ಲಿ ಧಾರಾವಾಹಿ ಮುಂದುವರಿಯುತ್ತದೆ ಎಂದು ಕಂತಿನ ಕೊನೆಗೆ ಪ್ರಸಾರದಲ್ಲೇ ಘೋಷಿಸಬೇಕಾಯಿತು. ಆ ಮೂರನೇ ವರ್ಷ ಸಿಗದಿದ್ದರೆ ಮರುಪ್ರಸಾರಕ್ಕೆ ಮಾರುವಷ್ಟು ಕಂತುಗಳೇ ಇರುತ್ತಿರಲಿಲ್ಲ. ಮರುಪ್ರಸಾರ ಇಲ್ಲದೆ ಸಿನಿಮಾಗಳಿಲ್ಲ, ಮುಂದಿನ ಸರಣಿಗಳಿಲ್ಲ, ನಮ್ಮ ಎದುರುಮನೆಯ ಟಿವಿಗೆ ಅದು ಬರುವುದೂ ಅನುಮಾನ.

ಮೊದಲ ಅಭಿಮಾನಿ ಪತ್ರಿಕೆ ‘ಸ್ಪಾಕನೇಲಿಯಾ’ 1967ರದ್ದು. ಹೊರತಂದವರು ಡೆವ್ರಾ ಲ್ಯಾಂಗ್ಸಮ್, ಶೆರ್ನಾ ಕಾಮರ್‌ಫೋರ್ಡ್. 1972ರ ಜನವರಿಯಲ್ಲಿ ನ್ಯೂಯಾರ್ಕಿನ ಸ್ಟ್ಯಾಟ್ಲರ್ ಹಿಲ್ಟನ್ ಹೋಟೆಲಿನಲ್ಲಿ ನಡೆದ ಮೊದಲ ದೊಡ್ಡ ಸಮ್ಮೇಳನದ ಹಿಂದೆಯೂ ಲ್ಯಾಂಗ್ಸಮ್, ಜೋನ್ ವಿನ್‌ಸ್ಟನ್ ಮೊದಲಾದವರು. ಕೆಲವು ನೂರು ಜನ ಬಂದಾರು ಎಂದುಕೊಂಡಿದ್ದವರ ಮುಂದೆ ಸಾವಿರಾರು ಜನ. ಕಾದಂಬರಿಗಳಿಗೆ ಬಂದರೂ ಅಷ್ಟೆ. ಮೂಲ ಸರಣಿಯ ಸುಲು ಪಾತ್ರಕ್ಕೆ ಹಿಕಾರು ಎಂಬ ಮೊದಲ ಹೆಸರನ್ನು ಕೊಟ್ಟವರು ವೊಂಡಾ ಮೆಕಿಂಟೈರ್, 1981ರ ಕಾದಂಬರಿಯಲ್ಲಿ. ಸಿನಿಮಾ ಅದನ್ನು ಒಪ್ಪಿಕೊಳ್ಳಲು ಹತ್ತು ವರ್ಷ ತೆಗೆದುಕೊಂಡಿತು. ಉಹೂರಾ ಕಥೆಯ ನಡುವಿಗೆ ಬಂದದ್ದು ಜಾನೆಟ್ ಕೇಗನ್ ಬರೆದ ‘ಉಹೂರಾಸ್ ಸಾಂಗ್’ನಲ್ಲಿ. ತೆರೆಯ ಮೇಲೆ ಆಕೆಗೆ ಒಂದು ಮೊದಲ ಹೆಸರು ಸಿಕ್ಕಿದ್ದು 2009ಕ್ಕೆ.

ಈ ಅಭಿಮಾನಿ ಲೋಕದ ಒಳಗೇ ಒಂದು ನೋವಿನ ಕಥೆಯೂ ಇದೆ. 1973ರಲ್ಲಿ ಪೌಲಾ ಸ್ಮಿತ್ ಎಂಬ ಅಭಿಮಾನಿ ಒಂದು ಪುಟ್ಟ ಅಣಕು ಕಥೆ ಬರೆದರು. ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸೂ, ಎಲ್ಲ ಬಲ್ಲವಳು, ಎಲ್ಲರೂ ಮೋಹಿಸುವವಳು, ನೌಕೆಯನ್ನು ಕಾಪಾಡಿ ಸಾಯುವವಳು. ಎಳೆಯ ಹುಡುಗಿಯರು ಬರೆಯುತ್ತಿದ್ದ ಕನಸಿನ ಕಥೆಗಳ ಮೇಲಿನ ತಮಾಷೆ ಅದು, ಒಳಮನೆಯ ತಮಾಷೆ. ಆದರೆ ಹೆಸರು ಅಂಟಿಕೊಂಡಿತು. ಕಮಿಲ್ ಬೇಕನ್-ಸ್ಮಿತ್ ಈ ಹೆಂಗಸರ ನಡುವೆ ವರ್ಷಗಟ್ಟಲೆ ಇದ್ದು 1992ರಲ್ಲಿ ಬರೆದ ಪುಸ್ತಕದಲ್ಲಿ ಅದರ ಪರಿಣಾಮ ಕಾಣುತ್ತದೆ: ಎಲ್ಲಿ ಮೇರಿ ಸೂ ಅಂದುಬಿಡುತ್ತಾರೋ ಎಂಬ ಅಂಜಿಕೆಗೆ ಎಷ್ಟೋ ಲೇಖಕಿಯರು ಹೆಣ್ಣು ಪಾತ್ರಗಳನ್ನು ಬರೆಯುವುದನ್ನೇ ಬಿಟ್ಟಿದ್ದರು. ಕಿರ್ಕ್ ಮತ್ತು ಸ್ಪಾಕ್‌ರನ್ನು ಪ್ರೇಮಿಗಳಾಗಿಸಿ ಹೆಂಗಸರು ಬರೆದ ಕಥೆಗಳ ದೊಡ್ಡ ರಾಶಿಯನ್ನು ಜನ ಕುತೂಹಲದಿಂದ, ಕೆಲವರು ಹೇಸಿಗೆಯಿಂದ ನೋಡುತ್ತಾರೆ. ನನಗೆ ಅದರಲ್ಲಿ ಕಾಣುವುದು ಸಮಾನರ ನಡುವಿನ ಪ್ರೀತಿಯ ಹಸಿವು. ಹೆಣ್ಣು ಪಾತ್ರ ಯಾವುದಕ್ಕೂ ಸಮಾನತೆ ಕೊಡದ ಕಥೆಯಲ್ಲಿ ಅದನ್ನು ಬೇರೆಲ್ಲಿ ಹುಡುಕಬೇಕಿತ್ತು ಅವರು?

ಗಂಡುಹುಡುಗರ ಕನಸಿಗೆ ಮಾತ್ರ ಯಾರೂ ಅಂಥ ಹೆಸರು ಇಡಲಿಲ್ಲ. ಕಿರ್ಕ್ ಎಳೆ ಪ್ರಾಯಕ್ಕೇ ಕ್ಯಾಪ್ಟನ್, ಹೋದ ಗ್ರಹದಲ್ಲೆಲ್ಲ ಹೆಂಗಸರು ಸೋಲುತ್ತಾರೆ, ಅವನು ಸೋಲುವುದಿಲ್ಲ. ‘ನೆಕ್ಸ್ಟ್ ಜನರೇಷನ್’ನ ಬಾಲಕ ವೆಸ್ಲಿ ಮತ್ತೆ ಮತ್ತೆ ನೌಕೆ ಉಳಿಸುತ್ತಾನೆ, ಅವನಿಗೆ ಇಟ್ಟದ್ದು ರಾಡನ್‌ಬೆರಿಯದೇ ನಡುಹೆಸರು. ವೀಕ್ಷಕರು ಅವನನ್ನು ಬೈದರು ನಿಜ, ಆದರೆ ಅವನ ದೆಸೆಯಿಂದ ಗಂಡು ಪಾತ್ರಗಳನ್ನೇ ಬರೆಯಬೇಡಿ ಎಂದು ಯಾರಿಗೂ ಅನ್ನಿಸಲಿಲ್ಲ. 2017ರಲ್ಲಿ ‘ಡಿಸ್ಕವರಿ’ ಸರಣಿ ಬಂದಾಗ ಸೊನೆಕ್ವಾ ಮಾರ್ಟಿನ್-ಗ್ರೀನ್ ನಟಿಸಿದ ಮೈಕಲ್ ಬರ್ನಮ್ ಮೇಲೆ ಅದೇ ಹಳೆಯ ಹೆಸರನ್ನು ಎಸೆದರು. ಎಲ್ಲ ಬಲ್ಲಳಂತೆ, ಸುಮ್ಮಸುಮ್ಮನೆ ಅಳುತ್ತಾಳಂತೆ. ಹೆಂಗಸರು ಹೆಂಗಸರ ನಡುವೆ ಆಡಿದ ಒಂದು ತಮಾಷೆ ನಲವತ್ತಕ್ಕೂ ಹೆಚ್ಚು ವರ್ಷ ತಿರುಗಿ ಹೀಗೆ ಬಂತು. ಬರ್ನಮ್ ಕಥೆಯಲ್ಲಿ ನನಗೂ ಒಪ್ಪಿಗೆಯಾಗದ ಕಂತುಗಳಿವೆ, ಇಡೀ ಬ್ರಹ್ಮಾಂಡದ ಆಪತ್ತನ್ನು ಪ್ರತಿ ವರ್ಷ ಒಬ್ಬಳ ತಲೆಗೇ ಕಟ್ಟುವುದು ಬರವಣಿಗೆಯ ಸೋಮಾರಿತನ. ಅದು ಕಥೆಯ ದೋಷ. ಅವಳು ಆ ಕುರ್ಚಿಯಲ್ಲಿ ಕೂರಲು ಯೋಗ್ಯಳೇ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಕೇಳುವವರ ಉದ್ದೇಶವೂ ಬೇರೆ.

ಅಕ್ಕ ಫೋನು ಇಡುವಾಗ, ಆ ಹಿರಿಯರ ಗ್ಯಾರೇಜಿನ ಪೆಟ್ಟಿಗೆಗಳು ಈಗ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿವೆ ಎಂದಳು. ಕೇಳಿ ಹಾಯೆನಿಸಿತು.


8 ಸೆಪ್ಟೆಂಬರ್, ಗುರುವಾರ

ಮೊದಲ ಕಂತು ಪ್ರಸಾರವಾಗಿ ಇವತ್ತಿಗೆ 56 ವರ್ಷ. ಬೆಂಗಳೂರಿನ ಮಳೆ, ನೀರು ನುಗ್ಗಿದ ರಸ್ತೆಗಳ ಸುದ್ದಿ ನೋಡಿ ಮೂರು ದಿನದಿಂದ ಮಗಳದೇ ಯೋಚನೆ. ಹಾಸ್ಟೆಲಿನ ಕಡೆ ತೊಂದರೆ ಇಲ್ಲವಂತೆ.

ರಾತ್ರಿ ‘ವಾಯೇಜರ್’ ನೋಡಿದೆ. ನನಗೆ ಎಲ್ಲ ಸರಣಿಗಿಂತ ಹತ್ತಿರದ್ದು ಅದು. 1995ರ ಜನವರಿಯಲ್ಲಿ ಶುರುವಾಯಿತು. ರೂಪಿಸಿದ ಮೂವರಲ್ಲಿ ಜೆರಿ ಟೇಲರ್ ಒಬ್ಬರು. ಕ್ಯಾಪ್ಟನ್ ಪಾತ್ರಕ್ಕೆ ಮೊದಲು ಬಂದ ಜನವಿಯೆವ್ ಬುಜೋಲ್ಡ್ ಎರಡೇ ದಿನದಲ್ಲಿ ಬಿಟ್ಟುಹೋದರು, ಕೇಟ್ ಮಲ್‌ಗ್ರೂ ಬಂದರು. ಸ್ಟುಡಿಯೋದವರ ಚಿಂತೆಯೆಲ್ಲ ಆಕೆಯ ಕೂದಲಿನದು. ತುರುಬೋ ಜಡೆಯೋ ಬಿಚ್ಚುಗೂದಲೋ ಎಂದು ಮತ್ತೆ ಮತ್ತೆ ಬದಲಾಯಿಸಿದರು. ‘ನೆಕ್ಸ್ಟ್ ಜನರೇಷನ್’ನ ಕ್ಯಾಪ್ಟನ್ ಪಿಕಾರ್ಡ್‌ನ ಬೋಳುತಲೆ ನಾಯಕತ್ವಕ್ಕೆ ಅಡ್ಡಬರಲಿಲ್ಲವಲ್ಲ.

ಮಲ್‌ಗ್ರೂ ನಟಿಸಿದ ಕ್ಯಾಪ್ಟನ್ ಜೇನ್‌ವೇಯ ನೌಕೆ ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಸಿಕ್ಕಿಬಿದ್ದಿದೆ. ಮೇಲಧಿಕಾರಿಗಳಿಲ್ಲ, ಕೇಳಲು ಯಾರೂ ಇಲ್ಲ. ಅವಳ ನಿರ್ಧಾರವೇ ಕೊನೆಯದು. ಕೆಲವು ತಪ್ಪು ನಿರ್ಧಾರಗಳನ್ನೂ ತೆಗೆದುಕೊಳ್ಳುತ್ತಾಳೆ, ಅದರ ಭಾರ ಹೊತ್ತು ಮುಂದಿನ ದಿನ ಮತ್ತೆ ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಅವಳು ವಿಜ್ಞಾನಿಯಾಗಿದ್ದು ಕ್ಯಾಪ್ಟನ್ ಆದವಳು, ನೆಬ್ಯುಲಾ ಕಂಡರೆ ಈಗಲೂ ಹುಡುಗಿಯ ಹಾಗೆ ಹಿಗ್ಗುತ್ತಾಳೆ. ಭೌತಶಾಸ್ತ್ರ ಹೇಳಿಕೊಡುವ ನನಗೆ ಅದು ಎಷ್ಟು ಇಷ್ಟವೆಂದು ಬರೆದು ಮುಗಿಯದು. ಎಂಜಿನ್ ಕೋಣೆಯ ಮುಖ್ಯಸ್ಥೆ ಬೆಲಾನಾ ಟೋರೆಸ್. ಇಬ್ಬರೂ ಎದುರುಬದುರು ನಿಂತು, ಒಬ್ಬರ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತ ಲೆಕ್ಕ ಬಿಡಿಸುವ ದೃಶ್ಯವೊಂದಿದೆ. ಅದರಲ್ಲಿ ಗಂಡಸರ ಪ್ರಸ್ತಾಪವಿಲ್ಲ, ಜಗಳವಿಲ್ಲ.

1997ರಲ್ಲಿ ವೀಕ್ಷಕರ ಸಂಖ್ಯೆ ಹೆಚ್ಚಿಸಲು ಸೆವೆನ್ ಆಫ್ ನೈನ್ ಬಂದಳು. ಜೆರಿ ರಯಾನ್, ಮೈಗೆ ಬಳಿದಂಥ ಬೆಳ್ಳಿಬಣ್ಣದ ಉಡುಪು. ಅದನ್ನು ತೊಟ್ಟು ಉಸಿರಾಡುವುದೇ ಕಷ್ಟವಾಗಿತ್ತು ಎಂದು ಅವರು ಹೇಳಿದ್ದಾರೆ. ಮಲ್‌ಗ್ರೂಗೆ ತಡೆಯಲಾಗದ ಸಂಕಟ: ಮೈಯನ್ನು ಮುಂದಿಡದೆಯೇ ಒಬ್ಬ ಹೆಂಗಸು ಸರಣಿಯನ್ನು ನಡೆಸಬಹುದು ಎಂದು ತೋರಿಸಲು ಮೂರು ವರ್ಷ ಹೆಣಗಿದ್ದರು. ಆ ಸಿಟ್ಟನ್ನು ರಯಾನ್ ಮೇಲೆ ತೀರಿಸಿಕೊಂಡದ್ದು ತಪ್ಪೆಂದು ಮುಂದೆ ಬಹಿರಂಗವಾಗಿ ಒಪ್ಪಿಕೊಂಡರು. ನಿರ್ಧಾರ ತೆಗೆದುಕೊಂಡವರು ಎಲ್ಲೋ ಕೋಣೆಯಲ್ಲಿ ಕೂತವರು, ನೋವುಂಡವರು ಸೆಟ್ಟಿನಲ್ಲಿದ್ದ ಇಬ್ಬರು ಹೆಂಗಸರು. ಆದರೂ ಆ ಇಬ್ಬರ ನಡುವಿನ ದೃಶ್ಯಗಳೇ ವಾಯೇಜರ್‌ನ ಜೀವ. ಯಂತ್ರಸಮೂಹದಿಂದ ಬಿಡಿಸಿ ತಂದ ಹುಡುಗಿಗೆ ಮನುಷ್ಯಳಾಗುವುದನ್ನು ಕಲಿಸಲು ಹೊರಟವಳು ಜೇನ್‌ವೇ. ಆದರೆ ನನಗೆ ಆ ಸ್ವಾತಂತ್ರ್ಯ ಬೇಕೇ ಎಂದು ನೀನು ಕೇಳಿದ್ದೆಯಾ ಎಂದು ಎದುರು ನಿಲ್ಲುವವಳು ಸೆವೆನ್. ಅಂಥ ಪಾತ್ರಕ್ಕೆ ಅಂಥ ಉಡುಪು ತೊಡಿಸಿದ್ದು ಅವಮಾನ. ಉಡುಪನ್ನು ನೋಡಿ ಪಾತ್ರವನ್ನೇ ತಳ್ಳಿಹಾಕುವುದು ನನ್ನಿಂದಾಗದು.

ಇಟಲಿಯ ಸಮಂತಾ ಕ್ರಿಸ್ಟೊಫೊರೆಟ್ಟಿ 2015ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ವಾಯೇಜರ್ ಸಮವಸ್ತ್ರ ತೊಟ್ಟು ಫೋಟೋ ತೆಗೆಸಿಕೊಂಡಿದ್ದರು, ಕಾಫಿ ಯಂತ್ರ ಹೊತ್ತ ನೌಕೆ ಬರುವ ಹೊತ್ತಿಗೆ. ಜೇನ್‌ವೇಯ ಕಾಫಿ ಹುಚ್ಚು ಬಲ್ಲವರಿಗೆ ಅದು ಗೊತ್ತಾಗುತ್ತದೆ. ಈಗ ಮತ್ತೆ ಅಲ್ಲೇ ಇದ್ದಾರೆ, ಈ ತಿಂಗಳ ಕೊನೆಗೆ ಕಮಾಂಡರ್ ಆಗುತ್ತಾರಂತೆ.


12 ಸೆಪ್ಟೆಂಬರ್, ಸೋಮವಾರ

ಮೇ ಜೆಮಿಸನ್ ಎಂಡೆವರ್ ನೌಕೆಯಲ್ಲಿ ಹಾರಿ ಇವತ್ತಿಗೆ ಮೂವತ್ತು ವರ್ಷ. ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಹೆಂಗಸು, ಉಹೂರಾಳನ್ನು ನೋಡಿ ಬೆಳೆದವರು. 1993ರಲ್ಲಿ ‘ನೆಕ್ಸ್ಟ್ ಜನರೇಷನ್’ನ ಒಂದು ಕಂತಿನಲ್ಲಿ ನಟಿಸಿದರು. ಆ ದಿನ ನಿಕೋಲ್ಸ್ ಸೆಟ್ಟಿಗೆ ಬಂದಿದ್ದರು. ಇಬ್ಬರೂ ಜೊತೆಗಿರುವ ಫೋಟೋವನ್ನು ಕ್ಲಾಸಿನಲ್ಲಿ ತೋರಿಸಿದೆ.

ಹುಡುಗಿಯರಿಗೆ ನಾನು ಮುಖ್ಯವಾಗಿ ಹೇಳಿದ್ದು 1977ರ ಕಥೆ. ನಾಸಾ ಗಗನಯಾತ್ರಿಗಳನ್ನು ಹುಡುಕುತ್ತಿತ್ತು, ಹೆಂಗಸರು ಅರ್ಜಿ ಹಾಕುತ್ತಿರಲಿಲ್ಲ. ಇದುವರೆಗೆ ನಮ್ಮನ್ನು ತೆಗೆದುಕೊಂಡಿಲ್ಲ, ಈಗ ಮಾತ್ರ ತೆಗೆದುಕೊಳ್ಳುತ್ತಾರೆ ಎಂದು ಯಾರು ನಂಬಬೇಕು? ನಿಕೋಲ್ಸ್ ತನ್ನ ಸಂಸ್ಥೆಯ ಮೂಲಕ ಆ ಕೆಲಸ ವಹಿಸಿಕೊಂಡು ಕಾಲೇಜು, ಸಭೆ, ಟಿವಿ ಎಂದು ದೇಶ ಸುತ್ತಿದರು. ಅರ್ಹರು ಬಂದ ಮೇಲೂ ಬಿಳಿಯ ಗಂಡಸರನ್ನೇ ಆರಿಸಿದರೆ ಸುಮ್ಮನಿರುವುದಿಲ್ಲ ಎಂದು ನಾಸಾಗೆ ಮೊದಲೇ ಎಚ್ಚರಿಸಿದ್ದರಂತೆ. 1978ರ ಜನವರಿಯಲ್ಲಿ ಆಯ್ಕೆಯಾದ 35 ಜನರಲ್ಲಿ ಆರು ಹೆಂಗಸರು, ಮೂವರು ಕಪ್ಪು ಗಂಡಸರು. ಸ್ಯಾಲಿ ರೈಡ್ ಅದೇ ತಂಡ. ಚಾಲೆಂಜರ್ ದುರಂತದಲ್ಲಿ ಹೋದ ಜೂಡಿತ್ ರೆಸ್ನಿಕ್, ರೊನಾಲ್ಡ್ ಮೆಕ್‌ನೇರ್ ಕೂಡ.

ಆಜ್ಞೆ ಕೊಡುವ ಸರದಿಯನ್ನು ಕಥೆಗಾರರು ಕೊಡದಿದ್ದರೆ ನಿಕೋಲ್ಸ್ ಹೊರಗೆ ಬಂದು ತಾನೇ ತೆಗೆದುಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಮ್ಯಾಮ್, ಅವರು ಸೈನ್ಸ್ ಓದಿದ್ರಾ?’ ಎಂದು ಕೇಳಿದಳು. ಇಲ್ಲ ಎಂದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.


29 ಸೆಪ್ಟೆಂಬರ್, ಗುರುವಾರ

ದಸರಾ ರಜೆಗೆ ಮಗಳು ಬಂದಿದ್ದಾಳೆ. ಊರು ತುಂಬ ಜನ, ದೀಪ, ಟ್ರಾಫಿಕ್ಕು. ನಾವಿಬ್ಬರೂ ಮನೆ ಬಿಟ್ಟು ಕದಲಲಿಲ್ಲ. ನಿನ್ನೆ ಕ್ರಿಸ್ಟೊಫೊರೆಟ್ಟಿ ನಿಲ್ದಾಣದ ಕಮಾಂಡರ್ ಆದರು. ಯೂರೋಪಿನ ಹೆಂಗಸರಲ್ಲಿ ಮೊದಲಿಗರು. ಅಧಿಕಾರ ಹಸ್ತಾಂತರದ ವಿಡಿಯೋವನ್ನು ಎರಡು ಸಲ ನೋಡಿದೆವು.

ಆಮೇಲೆ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಎಂಬ ಹೊಸ ಸರಣಿಯ ಮೊದಲ ವರ್ಷದ ಉಳಿದ ಕಂತುಗಳನ್ನು ಮುಗಿಸಿದೆವು. 1965ರಲ್ಲಿ ಕಿತ್ತುಹಾಕಿದ ನಂಬರ್ ಒನ್ ಇಲ್ಲಿ ವಾಪಸು ಬಂದಿದ್ದಾಳೆ. ರೆಬೆಕಾ ರೊಮೈನ್ ನಟಿಸಿದ್ದಾರೆ, ಪಾತ್ರಕ್ಕೆ ಉನಾ ಚಿನ್-ರೈಲಿ ಎಂಬ ಪೂರ್ತಿ ಹೆಸರಿದೆ. ಸೀಲಿಯಾ ರೋಸ್ ಗುಡಿಂಗ್ ಉಹೂರಾ ಆಗಿ ಇನ್ನೂ ಕೆಡೆಟ್. ಎರಡನೇ ಕಂತಿನಲ್ಲೇ ಧೂಮಕೇತುವಿನ ಸಂಗೀತವನ್ನು ಅರ್ಥಮಾಡಿಕೊಂಡು, ತಾನೂ ಹಾಡಿ ಅದರ ಬಾಗಿಲು ತೆರೆಸುತ್ತಾಳೆ. ಭಾಷೆ ಬಲ್ಲವಳ ಕೆಲಸ ಅಂದರೆ ಏನೆಂದು ಈಗ ತೋರಿಸಿದರು, ನಿಕೋಲ್ಸ್ ಬದುಕಿರುವಾಗಲೇ ಬಂತಲ್ಲ ಎಂಬ ಸಮಾಧಾನವಿದೆ.

ಆದರೆ ಉನಾಳ ವಿಷಯದಲ್ಲಿ ನನಗೂ ಮಗಳಿಗೂ ಸಮಾಧಾನವಿಲ್ಲ. ಹತ್ತು ಕಂತುಗಳಲ್ಲಿ ಅವಳಿಗೆ ಸಿಕ್ಕ ಜಾಗ ಎಷ್ಟು? ಒಂದು ಕಂತು ಅವಳದು, ಇಲಿರಿಯನ್ ಜನಾಂಗದವಳೆಂಬ ಗುಟ್ಟು ಬಯಲಾಗುವುದು. ಉಳಿದದ್ದರಲ್ಲಿ ಪೈಕ್ ಪಕ್ಕದಲ್ಲಿ ನಿಂತಿರುತ್ತಾಳೆ. ಕೊನೆಯ ಕಂತಿನ ಕೊನೆಯಲ್ಲಿ ಅದೇ ಗುಟ್ಟಿಗಾಗಿ ಅವಳನ್ನು ಬಂಧಿಸಿ ಕರೆದೊಯ್ಯುತ್ತಾರೆ. ಇನ್ನು ಮುಂದಿನ ವರ್ಷದವರೆಗೆ ಕಾಯಬೇಕು. ‘ಐವತ್ತೇಳು ವರ್ಷ ಆದ್ಮೇಲೆ ವಾಪಸ್ ಕರ್ಕೊಂಡು ಬಂದು ಜೈಲಿಗೆ ಕಳ್ಸಿದ್ರಲ್ಲಮ್ಮಾ’ ಎಂದು ಮಗಳು ಲ್ಯಾಪ್‌ಟಾಪ್ ಮುಚ್ಚಿದಳು.

ವಿಚಾರಣೆಯ ಕಂತು ಬಂದೇ ಬರುತ್ತದೆ, ಅದನ್ನು ಯಾರು ಬರೆಯುತ್ತಾರೆ, ಯಾರು ನಿರ್ದೇಶಿಸುತ್ತಾರೆ ಎಂಬುದರ ಮೇಲೆ ಎಲ್ಲ ಇದೆ ಎಂದೆ. ಹದಿಮೂರು ಸಿನಿಮಾ ಬಂದವು, ಒಂದನ್ನೂ ಹೆಂಗಸು ನಿರ್ದೇಶಿಸಿಲ್ಲ ಎಂದು ಅವಳು ಅಂದಳು. ಟಿವಿಯಲ್ಲಿ 1989ರಲ್ಲೇ ಗೇಬ್ರಿಯೆಲ್ ಬ್ಯೂಮಾಂಟ್ ಒಂದು ಕಂತು ಮಾಡಿದರು, ವಾಯೇಜರ್‌ನ ಬೆಲಾನಾ ರಾಕ್ಸನ್ ಡಾಸನ್ ನಿರ್ದೇಶಕಿಯಾಗಿಯೇ ಹೆಸರು ಮಾಡಿದರು ಎಂದು ನಾನು. ಟಿವಿ ಬೇರೆ, ದೊಡ್ಡ ದುಡ್ಡಿನ ಸಿನಿಮಾ ಬೇರೆ ಎಂದು ಅವಳು. ಊಟಕ್ಕೆ ಕೂತ ಮೇಲೂ ಇದೇ ಮಾತು. ನಾಳೆ ‘ದ ಎಂಟರ್‌ಪ್ರೈಸ್ ಇನ್ಸಿಡೆಂಟ್’ ತೋರಿಸುತ್ತೇನೆ, ಅವಳು ಅದನ್ನಿನ್ನೂ ನೋಡಿಲ್ಲ.